ಕಿಡ್ನಿ, ಲಿವರ್‌ನ ನೀರುಗುಳ್ಳೆಗೆ ಆಪರೇಷನ್ ಬೇಕೇ ಬೇಕಾ?

ತೀರ್ಥಹಳ್ಳಿಯ ನಿಮ್ಮ ತಂದೆಗೆ ಕಿಡ್ನಿಯಲ್ಲಿ ನೀರುಗುಳ್ಳೆ (ಸಿಸ್ಟ್), ಪಕ್ಕೆನೋವು ಬೇರೆ, ಕೊಯ್ಯಲೇಬೇಕಾ ಅಂತ ಕೇಳಿದ್ದೀರಿ. ಹೆಚ್ಚಿನವರಿಗೆ ಬೇಕಾಗುವುದಿಲ್ಲ. ನೋವು ಗುಳ್ಳೆಯದ್ದೋ, ಕಲ್ಲಿನದ್ದೋ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ತೊಂದರೆ ಕೊಡದ ಸಾದಾ ಗುಳ್ಳೆಯನ್ನು ಸುಮ್ನೆ ಬಿಡಬಹುದು.

ತೊಂದರೆ ಕೊಡುವ ಗುಳ್ಳೆಯಿಂದ ಬರೀ ನೀರು ತೆಗೆದರೆ ಮತ್ತೆ ತುಂಬಿಕೊಳ್ಳುವುದೇ ಜಾಸ್ತಿ. ನೀರು ಜಿನುಗಿಸುವ ಒಳಪೊರೆ ಹಾಗೇ ಇರುತ್ತದಲ್ವಾ! ಅದಕ್ಕೇ ಸ್ಕ್ಲೆರೋಥೆರಪಿ ಮಾಡುತ್ತಾರೆ. ಜಾಗ ಮರಗಟ್ಟಿಸಿ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಸೂಜಿ ಚುಚ್ಚಿ, ನೀರೆಲ್ಲ ಬಸಿದು, ಒಳಗೆ ಶುದ್ಧ ಆಲ್ಕೋಹಾಲ್ ಬಿಡುತ್ತಾರೆ. ರೋಗಿ ಮಗ್ಗುಲು ಬದಲಿಸುತ್ತಾ ಮಲಗಬೇಕು. ಸ್ವಲ್ಪ ಹೊತ್ತಿಗೆ ಅದನ್ನೂ ಹೊರಗೆಳೆಯುತ್ತಾರೆ. ಒಳಪೊರೆ ಸುಟ್ಟು, ತಿಂಗಳುಗಳಲ್ಲಿ ಗುಳ್ಳೆ ಕುಗ್ಗುತ್ತದೆ.

ಲಿವರ್ ಗುಳ್ಳೆಗೂ ಇದೇ ದಾರಿ. ಆದರೆ ಗುಳ್ಳೆಗೆ ಪಿತ್ತನಾಳದ ಸಂಪರ್ಕವಿದ್ದರೆ ಆಲ್ಕೋಹಾಲ್ ಕೂಡದು. ನಾಯಿಯ ಹುಳದಿಂದ ಬರುವ ಹೈಡಾಟಿಡ್ ಗುಳ್ಳೆ ಅಲ್ಲ ಅನ್ನುವುದೂ ಮೊದಲೇ ಗೊತ್ತಾಗಬೇಕು. ಶಿವಮೊಗ್ಗಕ್ಕೆ ಹೋದಾಗ ಇಂಟರ್‌ವೆನ್ಷನಲ್ ರೇಡಿಯಾಲಜಿ (ಸ್ಕ್ಯಾನ್‌ನಲ್ಲಿ ನೋಡುತ್ತಾ ಸೂಜಿಯಿಂದ ಚಿಕಿತ್ಸೆ ಮಾಡುವ) ಡಾಕ್ಟರನ್ನು ಕೇಳಿ.