ಹೊಸ ಟ್ರಾನ್ಸ್‌ಪೋರ್ಟ್ ಕಂಪನಿಗೆ ಸರ್ಕಾರಿ ಪೋರ್ಟಲ್ ಅಕೌಂಟ್ ಮಾಡುವಾಗ ಏಜೆಂಟ್ ಮೊಬೈಲ್ ನಂಬರ್ ಕೊಡಬಹುದಾ?

ನಮಸ್ಕಾರ. ದಾವಣಗೆರೆಯಲ್ಲಿ ಮೂರು ಲಾರಿ ಇಟ್ಟುಕೊಂಡು ಸ್ವಂತ ಟ್ರಾನ್ಸ್‌ಪೋರ್ಟ್ ಶುರು ಮಾಡಿದ್ದೀರಿ. ಜಿಎಸ್‌ಟಿ, ಇ-ವೇ ಬಿಲ್ (ಮಾಲು ಸಾಗಿಸುವಾಗ ಬೇಕಾದ ಆನ್‌ಲೈನ್ ಬಿಲ್), ವಾಹನ್ (ಗಾಡಿ ದಾಖಲೆಗಳ ಪೋರ್ಟಲ್) ಅಂತ ಎಲ್ಲ ಕಡೆ ಅಕೌಂಟ್ ಬೇಕು, ಯಾವುದನ್ನು ಮೊದಲು ಮಾಡಬೇಕು ಅಂತ ಕೇಳಿದ್ದೀರಿ. ಏಜೆಂಟ್ ‘ನನ್ನ ನಂಬರ್ ಹಾಕ್ತೀನಿ, ಒಟಿಪಿ ತಲೆನೋವು ನಿಮಗ್ಯಾಕೆ’ ಅಂತಿದ್ದಾರೆ, ಒಪ್ಪಲಾ ಅಂತಾನೂ ಕೇಳಿದ್ದೀರಿ.

ಒಪ್ಪಬೇಡಿ. ನಾನು ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇದೇ ಕೆಲಸ ನೋಡಿಕೊಳ್ಳುತ್ತೇನೆ. ಏಜೆಂಟರೆಲ್ಲ ಕೆಟ್ಟವರು ಅಂತ ಹೇಳುತ್ತಿಲ್ಲ. ಕೆಲಸ ಬಲ್ಲ, ಹೊತ್ತಿಗೆ ಸಿಗುವ ಏಜೆಂಟ್ ಇದ್ದರೆ ಅರ್ಧ ಭಾರ ಇಳಿದ ಹಾಗೆ. ಆದರೆ ಒಟಿಪಿ ಯಾರ ಮೊಬೈಲಿಗೆ ಬರುತ್ತದೋ ಅಕೌಂಟ್ ಅವರದ್ದೇ. ನಾಳೆ ಅವರ ಜೊತೆ ಲೆಕ್ಕದಲ್ಲಿ ಮನಸ್ತಾಪ ಬಂದರೆ, ಅಥವಾ ಅವರು ಆ ಸಿಮ್ಮೇ ಬದಲಾಯಿಸಿದರೆ, ನಿಮ್ಮ ಕಂಪನಿಯ ಬಾಗಿಲಲ್ಲಿ ನೀವೇ ನಿಂತು ಕಾಯಬೇಕಾಗುತ್ತದೆ.

ಮೊದಲ ಕೆಲಸ ಯಾವ ಪೋರ್ಟಲ್‌ನಲ್ಲೂ ಇಲ್ಲ. ನಿಮ್ಮ ಆಧಾರ್‌ಗೆ ಈಗ ಕೈಯಲ್ಲಿರುವ ನಂಬರ್ ಲಿಂಕ್ ಆಗಿದೆಯಾ ನೋಡಿ. ಇಲ್ಲದಿದ್ದರೆ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಮಾಡಿಸಿ. ಪ್ಯಾನ್-ಆಧಾರ್ ಲಿಂಕ್ ಕೂಡ ಆಗಲೇ ನೋಡಿಬಿಡಿ. ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಲಾರಿ ಆರ್‌ಸಿ ನಾಲ್ಕನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟು ಹೆಸರು ಹೊಂದಿಸಿ ನೋಡಿ. ನಮ್ಮ ಕಡೆಯವರಿಗೆ ತಾಪತ್ರಯ ಬರೋದು ಇಲ್ಲೇ ಜಾಸ್ತಿ. ಒಂದರಲ್ಲಿ ‘ಬಿ ಎಂ ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ ಬಿ ಎಂ’, ಮತ್ತೊಂದರಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಉದ್ದಕ್ಕೆ. ಇಂಗ್ಲಿಷಿನಲ್ಲಿ ಬರೆದಾಗ ಕೊನೆಗೆ ಒಂದು ‘ಎ’ ಇರುತ್ತದೆ ಅಥವಾ ಇರುವುದಿಲ್ಲ. ಮನುಷ್ಯರು ಓದಿದರೆ ಒಂದೇ ಹೆಸರು. ಕಂಪ್ಯೂಟರಿಗೆ ಅದು ಬೇರೆ ವ್ಯಕ್ತಿ, ವೆರಿಫಿಕೇಷನ್ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಪ್ಯಾನ್‌ನಲ್ಲಿ ಇರುವ ಹೆಸರಿಗೆ ಉಳಿದದ್ದನ್ನು ಹೊಂದಿಸಿಕೊಳ್ಳಿ. ಜಿಎಸ್‌ಟಿ, ಇ-ವೇ ಬಿಲ್ ಎರಡೂ ಪ್ಯಾನ್ ಹಿಡಿದೇ ನಡೆಯುತ್ತವೆ.

ಜೊತೆಗೆ ಕಂಪನಿಗೆ ಅಂತಲೇ ಒಂದು ಹೊಸ ಸಿಮ್, ಒಂದು ಹೊಸ ಇಮೇಲ್ ಮಾಡಿ. ಸಿಮ್ ನಿಮ್ಮ ಹೆಸರಲ್ಲಿರಲಿ, ಮನೆಯಲ್ಲಿ ಅಥವಾ ಆಫೀಸಿನಲ್ಲಿ ಬೇರೆ ಫೋನಿನಲ್ಲಿರಲಿ. ಸ್ವಂತ ನಂಬರ್ ಲೋಡ್ ಕೊಡುವ ಎಲ್ಲ ಪಾರ್ಟಿಗಳ ಹತ್ತಿರ ಇರುತ್ತದೆ, ದಿನವಿಡೀ ಫೋನ್ ಬರುತ್ತಿರುತ್ತದೆ. ಅದರ ನಡುವೆ ಒಟಿಪಿ ಹುಡುಕೋದು ಕಷ್ಟ.

ಇನ್ನು ಜಿಎಸ್‌ಟಿ. ಎಲ್ಲ ಲಾರಿ ಮಾಲೀಕರಿಗೂ ಜಿಎಸ್‌ಟಿ ನಂಬರ್ ಕಡ್ಡಾಯ ಅಂತ ಏಜೆಂಟರು ಹೇಳುವುದುಂಟು. ನೀವು ಓಡಿಸುವ ಬಾಡಿಗೆಗೆಲ್ಲ ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ಪಾರ್ಟಿಯೇ ಕಟ್ಟುವುದಾದರೆ ನೀವು ರಿಜಿಸ್ಟ್ರೇಷನ್ ಮಾಡಿಸಲೇಬೇಕು ಅಂತಿಲ್ಲ. ಅಂಥವರಿಗಾಗಿಯೇ ಇ-ವೇ ಬಿಲ್ ಪೋರ್ಟಲ್‌ನಲ್ಲಿ ‘ಎನ್‌ರೋಲ್ಮೆಂಟ್ ಫಾರ್ ಟ್ರಾನ್ಸ್‌ಪೋರ್ಟರ್ಸ್’ ಅಂತ ಇದೆ. ಇಎನ್ಆರ್-01 ಫಾರ್ಮ್. ರಾಜ್ಯ, ಪ್ಯಾನ್‌ನಲ್ಲಿರುವ ಹೆಸರು, ಆಫೀಸ್ ವಿಳಾಸ, ಆಧಾರ್ ವಿವರ ಕೊಟ್ಟು, ವಿಳಾಸದ ದಾಖಲೆ ಅಪ್‌ಲೋಡ್ ಮಾಡಿ, ಯೂಸರ್‌ನೇಮ್-ಪಾಸ್‌ವರ್ಡ್ ಇಟ್ಟುಕೊಂಡರೆ 15 ಅಂಕಿ-ಅಕ್ಷರಗಳ ಟ್ರಾನ್ಸ್‌ಪೋರ್ಟರ್ ಐಡಿ ಸಿಗುತ್ತದೆ. ಪಾರ್ಟಿಯವರು ಬಿಲ್ಲಿನ ಪಾರ್ಟ್-ಎ ತುಂಬುವಾಗ ಈ ಐಡಿ ಹಾಕಿದರೆ ಬಿಲ್ ನಿಮ್ಮ ಲಾಗಿನ್‌ಗೆ ಬರುತ್ತದೆ, ನೀವು ಪಾರ್ಟ್-ಬಿಯಲ್ಲಿ ಗಾಡಿ ನಂಬರ್ ಹಾಕುತ್ತೀರಿ. ಜಿಎಸ್‌ಟಿ ನಂಬರ್ ಇದ್ದವರು ಅದನ್ನೇ ಹಾಕಿ ರಿಜಿಸ್ಟರ್ ಆಗಬೇಕು. ಆಗ ಒಟಿಪಿ ಹೋಗೋದು ಜಿಎಸ್‌ಟಿಯಲ್ಲಿ ಕೊಟ್ಟ ನಂಬರಿಗೆ. ಅಲ್ಲಿ ಏಜೆಂಟ್ ನಂಬರ್ ಇದ್ದರೆ ಇಲ್ಲಿಯೂ ಅವರದ್ದೇ ಆಯಿತು.

ನಿಮ್ಮದು ಪಾರ್ಟ್‌ನರ್‌ಶಿಪ್ ಆದರೆ ಫರ್ಮಿನ ಪ್ಯಾನ್ ಬೇರೆ ಬೇಕು, ಯಾರು ಸಹಿ ಮಾಡುತ್ತಾರೆ ಅನ್ನುವ ಪತ್ರ ಬೇಕು. ಪ್ರೈವೇಟ್ ಲಿಮಿಟೆಡ್ ಅಥವಾ ಎಲ್‌ಎಲ್‌ಪಿ ಆದರೆ ಜಿಎಸ್‌ಟಿಗೆ ಡಿಜಿಟಲ್ ಸಹಿಯೂ ಬೇಕಾಗುತ್ತದೆ. ಆ ಡಿಜಿಟಲ್ ಸಹಿಯ ಟೋಕನ್ ಏಜೆಂಟ್ ಆಫೀಸಿನ ಡ್ರಾಯರ್‌ನಲ್ಲಿ ಬಿಡಬೇಡಿ. ಸಹಿ ಮಾಡಿದ ಖಾಲಿ ಚೆಕ್ ಬಿಟ್ಟು ಬಂದಂತೆ ಅದು.

ನಂಬರ್ ಬಗ್ಗೆ ಇಷ್ಟೊಂದು ಯಾಕೆ ಹೇಳುತ್ತಿದ್ದೇನೆ ಅಂದರೆ, ರಾತ್ರಿ ಹೊತ್ತು ಹೈವೇಯಲ್ಲಿ ಏನಾಗುತ್ತದೆ ಅಂತ ನೋಡಿದ್ದೇನೆ. ಚನ್ನಗಿರಿಯಿಂದ ಅಡಿಕೆ ಲೋಡ್ ಅಹಮದಾಬಾದಿಗೆ ಹೊರಟಿದೆ ಅಂದುಕೊಳ್ಳಿ. ಸುಮಾರು 1,300 ಕಿ.ಮೀ. ಈಗಿನ ಲೆಕ್ಕದಲ್ಲಿ 200 ಕಿ.ಮೀ.ಗೆ ಒಂದು ದಿನ, ಅಂದರೆ ಬಿಲ್ಲಿಗೆ 7 ದಿನ. ಸಾತಾರಾ ದಾಟಿದ ಮೇಲೆ ಆಕ್ಸಲ್ ಮುರಿಯಿತು. ಬೇರೆ ಗಾಡಿ ಸಿಕ್ಕಿತು, ಮಾಲು ಅದಕ್ಕೆ ಏರಿಸಿದರು. ಈಗ ಪಾರ್ಟ್-ಬಿಯಲ್ಲಿ ಹೊಸ ಗಾಡಿ ನಂಬರ್ ಹಾಕಲೇಬೇಕು. ರಿಪೇರಿಗೆ ಕಾದು ದಿನ ಮುಗಿದರೆ ವ್ಯಾಲಿಡಿಟಿ ಎಕ್ಸ್‌ಟೆಂಡ್ ಮಾಡಬೇಕು, ಅದಕ್ಕೂ ಅವಕಾಶ ಇರೋದು ವ್ಯಾಲಿಡಿಟಿ ಮುಗಿಯುವ ಮೊದಲಿನ 8 ಗಂಟೆ, ಮುಗಿದ ಮೇಲಿನ 8 ಗಂಟೆ ಮಾತ್ರ. ರಾತ್ರಿ ಹನ್ನೊಂದಕ್ಕೆ ನೀವು ಲಾಗಿನ್ ಮಾಡುತ್ತೀರಿ. ಒಟಿಪಿ ಏಜೆಂಟ್ ಫೋನಿಗೆ ಹೋಗಿದೆ, ಫೋನ್ ಸ್ವಿಚ್ ಆಫ್. ಡ್ರೈವರ್ ಕಾಯಲಾಗದೆ ಹೊರಟರೆ, ದಾರಿಯಲ್ಲಿ ತಪಾಸಣೆಗೆ ಸಿಕ್ಕಿದರೆ, ಮಾಲಿನ ಯಜಮಾನರು ಮುಂದೆ ಬಂದರೂ ತೆರಿಗೆಯ ಎರಡರಷ್ಟು ದಂಡ. ಲೋಡಿನ ಬೆಲೆ 80 ಲಕ್ಷ ಅಂದರೆ ಶೇ 5ರಂತೆ ತೆರಿಗೆ 4 ಲಕ್ಷ, ದಂಡ 8 ಲಕ್ಷ. ಆ ದಂಡ ಕಟ್ಟಲು ಯಾರೂ ಬರದಿದ್ದರೆ, ಬರೀ ನಿಮ್ಮ ಗಾಡಿ ಬಿಡಿಸಿಕೊಳ್ಳಲು ಆ ದಂಡದಷ್ಟು ಅಥವಾ 1 ಲಕ್ಷ, ಯಾವುದು ಕಡಿಮೆಯೋ ಅದನ್ನು ನೀವು ಕಟ್ಟಬೇಕು. ಅಡಿಕೆ ಗಾಡಿಗಳನ್ನು ಎಷ್ಟು ತಡೆದು ನೋಡುತ್ತಾರೆ ಅಂತ ನಿಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾ!

ಮೊದಲು ಇ-ವೇ ಬಿಲ್ ಪೋರ್ಟಲ್‌ಗೆ ಪಾಸ್‌ವರ್ಡ್ ಒಂದಿದ್ದರೆ ಸಾಕಿತ್ತು. ನಮ್ಮ ರಾಜ್ಯದವರಿಗೆ ಜಿಎಸ್‌ಟಿಗೂ ಮೊದಲಿನ ಇ-ಸುಗಮ್ ಕಾಲದಿಂದಲೂ ಆನ್‌ಲೈನ್ ಬಿಲ್ ರೂಢಿ. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಶುರು ಮಾಡಿದ ಮೊದಲ ರಾಜ್ಯ ಕರ್ನಾಟಕವೇ, 2018ರ ಏಪ್ರಿಲ್ 1ರಿಂದ. ಆಗ ಪಾಸ್‌ವರ್ಡನ್ನು ಗೋಡೆ ಮೇಲೆ ಬರೆದಿಟ್ಟ ಬುಕಿಂಗ್ ಆಫೀಸ್‌ಗಳೂ ಇದ್ದವು. 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ ಆಗಿದೆ. ಪಾಸ್‌ವರ್ಡ್ ಜೊತೆ ಒಟಿಪಿ ಬೇಕು. ಎಸ್ಎಂಎಸ್‌ನಲ್ಲಿ ಪಡೆಯಬಹುದು, ಸರ್ಕಾರದ ‘ಸಂದೇಸ್’ ಮೆಸೇಜ್ ಆ್ಯಪ್‌ನಲ್ಲೂ ಬರುತ್ತದೆ. ನಾನು ಎಲ್ಲರಿಗೂ ಹೇಳೋದು ‘ಎನ್ಐಸಿ-ಜಿಎಸ್‌ಟಿ-ಶೀಲ್ಡ್’ ಆ್ಯಪ್. ಇ-ವೇ ಬಿಲ್ ಪೋರ್ಟಲ್‌ನಿಂದಲೇ ಇಳಿಸಿಕೊಂಡು ಒಂದು ಸಲ ನೋಂದಾಯಿಸಿದರೆ 30 ಸೆಕೆಂಡಿಗೊಂದು ಹೊಸ ಒಟಿಪಿ ತೋರಿಸುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ. ಫೋನಿನ ಗಡಿಯಾರ ಮಾತ್ರ ಸರಿ ಇರಬೇಕು.

ಏಜೆಂಟ್ ಕೆಲಸ ಮಾಡೋದು ಹೇಗೆ ಅಂತೀರಾ? ಅದಕ್ಕೂ ದಾರಿ ಇದೆ. ನಿಮ್ಮ ಮುಖ್ಯ ಲಾಗಿನ್‌ನಿಂದ ಸಬ್-ಯೂಸರ್ ಮಾಡಿ. ಏಜೆಂಟಿಗೆ ಒಂದು, ಗುಮಾಸ್ತರಿಗೆ ಒಂದು. ಪ್ರತಿಯೊಬ್ಬರಿಗೂ ಒಟಿಪಿ ಅವರವರ ನಂಬರಿಗೇ ಹೋಗುತ್ತದೆ. ಯಾರಿಗೆ ಎಷ್ಟು ಅಧಿಕಾರ ಅಂತ ನೀವೇ ಗುರುತು ಹಾಕುತ್ತೀರಿ. ಕೆಲಸ ಬಿಟ್ಟವರ ಲಾಗಿನ್ ಆವತ್ತೇ ನಿಲ್ಲಿಸಬಹುದು. ಏಜೆಂಟರಿಗೆ ಇದನ್ನು ನೇರವಾಗಿ ಹೇಳಿ, ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ವೇಳೆ ಜಿಎಸ್‌ಟಿಯನ್ನು ಅವರು ಆಗಲೇ ತಮ್ಮ ನಂಬರಿನಲ್ಲಿ ಮಾಡಿಬಿಟ್ಟಿದ್ದರೆ ಹೆದರಬೇಡಿ. ಲಾಗಿನ್ ಕೈಯಲ್ಲಿದ್ದರೆ ‘ನಾನ್-ಕೋರ್ ಅಮೆಂಡ್‌ಮೆಂಟ್’ ಅನ್ನುವ ತಿದ್ದುಪಡಿಯಲ್ಲಿ ಮೊಬೈಲ್ ನಂಬರ್, ಇಮೇಲ್ ಬದಲಾಯಿಸಬಹುದು, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಲಾಗಿನ್ನೇ ಕೊಡುತ್ತಿಲ್ಲ ಅಂದರೆ ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿ ಹತ್ತಿರ ಹೋಗಿ. ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿದರೆ ಯಾವ ಕಚೇರಿ ಅಂತ ತೋರಿಸುತ್ತದೆ. ಮಧ್ಯವರ್ತಿಗಳು ತಮ್ಮ ನಂಬರ್ ಕೊಟ್ಟು ಈಗ ಲಾಗಿನ್ ಕೊಡುತ್ತಿಲ್ಲ ಅನ್ನುವ ದೂರುಗಳು ಬಂದ ಮೇಲೆ 2018ರಲ್ಲೇ ಕೇಂದ್ರ ಸರ್ಕಾರ ಈ ವ್ಯವಸ್ಥೆ ಮಾಡಿತು. ನಿಮ್ಮ ಗುರುತಿನ ದಾಖಲೆ, ವ್ಯಾಪಾರದ ದಾಖಲೆ ನೋಡಿ ಅಧಿಕಾರಿ ಹೊಸ ಇಮೇಲ್, ಮೊಬೈಲ್ ಸೇರಿಸುತ್ತಾರೆ. ಹೊಸ ಇಮೇಲ್‌ಗೆ ತಾತ್ಕಾಲಿಕ ಪಾಸ್‌ವರ್ಡ್ ಬರುತ್ತದೆ. ಅದಾದ ಮೇಲೆ ಇ-ವೇ ಬಿಲ್ ಪೋರ್ಟಲ್‌ಗೆ ಹೋಗಿ ಜಿಎಸ್‌ಟಿ ವಿವರವನ್ನು ಅಪ್‌ಡೇಟ್ ಮಾಡಿಕೊಳ್ಳಲು ಮರೆಯಬೇಡಿ, ಇಲ್ಲದಿದ್ದರೆ ಅಲ್ಲಿ ಹಳೇ ನಂಬರೇ ಉಳಿದಿರಬಹುದು.

ವಾಹನ್ ಕಡೆ ಬರೋಣ. ಪರಿವಾಹನ್ ವೆಬ್‌ಸೈಟಿನಲ್ಲಿ ಪ್ರತಿ ಲಾರಿಗೂ ಮೊಬೈಲ್ ನಂಬರ್ ಅಪ್‌ಡೇಟ್ ಮಾಡಿ, ಆರ್‌ಸಿ ಪಕ್ಕದಲ್ಲಿರಲಿ, ಚಾಸಿ ನಂಬರ್, ರಿಜಿಸ್ಟ್ರೇಷನ್ ದಿನಾಂಕ ಕೇಳುತ್ತದೆ. ಸೆಕೆಂಡ್‌ಹ್ಯಾಂಡ್ ಲಾರಿ ತಗೊಂಡಿದ್ದರೆ ಇದನ್ನು ತಪ್ಪದೆ ಮಾಡಿ. ಎಷ್ಟೋ ಗಾಡಿಗಳಲ್ಲಿ ಹಳೇ ಮಾಲೀಕರ ಅಥವಾ ಡೀಲರ್ ನಂಬರ್ ಹಾಗೇ ಇರುತ್ತದೆ. ಚಲನ್ ಮೆಸೇಜ್ ಅವರಿಗೆ ಹೋಗುತ್ತದೆ, ನಿಮಗೆ ಗೊತ್ತಾಗೋದು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲು ಹೋದಾಗ. ನ್ಯಾಷನಲ್ ಪರ್ಮಿಟ್‌ನ ವರ್ಷದ ಶುಲ್ಕ 16,500 ರೂಪಾಯಿಯನ್ನೂ ನೀವೇ ಆನ್‌ಲೈನ್‌ನಲ್ಲಿ ಕಟ್ಟಬಹುದು. ಎಂಪರಿವಾಹನ್ ಅಥವಾ ಡಿಜಿಲಾಕರ್‌ನಲ್ಲಿ ತೋರಿಸುವ ದಾಖಲೆಗೆ 2018ರಿಂದಲೇ ಮಾನ್ಯತೆ ಇದೆ, ಡ್ರೈವರ್ ಫೋನಿನಲ್ಲಿ ಹಾಕಿಕೊಡಿ. ಫಾಸ್ಟ್ಯಾಗ್ ಬ್ಯಾಂಕಿನದ್ದು, ಆದರೂ ಅದೇ ಕಂಪನಿ ನಂಬರ್ ಕೊಡಿ.

ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲೂ ಒಂದು ಅಕೌಂಟ್ ಮಾಡಿ. ಹತ್ತು ಅಥವಾ ಅದಕ್ಕಿಂತ ಕಡಿಮೆ ಗೂಡ್ಸ್ ಗಾಡಿ ಇರುವವರು ಪ್ಯಾನ್ ಜೊತೆ ಡಿಕ್ಲರೇಷನ್ ಕೊಟ್ಟರೆ ಪಾರ್ಟಿಯವರು ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವಂತಿಲ್ಲ. ಹಿಡಿದಿದ್ದಾರಾ ಅಂತ ಆ ಅಕೌಂಟಿನಲ್ಲೇ ಕಾಣುತ್ತದೆ. ಮೂರು ಲಾರಿಯ ನಿಮಗೆ ಇದು ಸಣ್ಣ ದುಡ್ಡಲ್ಲ.

ಕೊನೆಯದಾಗಿ, ‘ನಿಮ್ಮ ಗಾಡಿಗೆ ಚಲನ್ ಬಿದ್ದಿದೆ’ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಬರುತ್ತದೆ. ಪರಿವಾಹನ್ ಹೆಸರು, ಲೋಗೋ ಎಲ್ಲ ಇರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿದರೆ ಬರುವ ಒಟಿಪಿಗಳನ್ನು ಕಳ್ಳರು ಓದುತ್ತಾರೆ. ನಿಮ್ಮ ಎಲ್ಲ ಅಕೌಂಟೂ ಒಂದೇ ಸಿಮ್ ಮೇಲೆ ನಿಂತಿರುವಾಗ ಆ ಫೋನಿನಲ್ಲಿ ಇಂಥದ್ದು ಸೇರಬಾರದು. ಚಲನ್ ಇದೆಯಾ ಅಂತ ನೋಡಬೇಕಾದರೆ ಇ-ಚಲನ್ ಪರಿವಾಹನ್ ವೆಬ್‌ಸೈಟಿಗೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ಡ್ರೈವರುಗಳಿಗೂ ಇದನ್ನು ಕೂರಿಸಿಕೊಂಡು ಹೇಳಿ. ಯಾರಾದರೂ ಒತ್ತಿಬಿಟ್ಟು ದುಡ್ಡು ಹೋಗಿದ್ದರೆ ಬೆಳಗಾಗಲಿ ಅಂತ ಕಾಯದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.