ಗೆದ್ದ ಕುಸ್ತಿಯ ವಿಡಿಯೋ, ನಿದ್ದೆಗೆಟ್ಟ ಪೈಲ್ವಾನ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಈರಣ್ಣ ಹಾವೇರಿ ಜಿಲ್ಲೆಯವರು, ವಯಸ್ಸು ಮೂವತ್ತು ದಾಟಿದೆ. ಒಂದು ಕಾಲಕ್ಕೆ ಸುತ್ತಲಿನ ಜಾತ್ರೆಗಳ ಕುಸ್ತಿಯಲ್ಲಿ ಕೊನೆಯ, ದೊಡ್ಡ ಜೋಡಿ ಎಂದರೆ ಇವರದೇ. ಆಗ ಇವರ ಬೆನ್ನಿಗೆ ಮಣ್ಣು ಹತ್ತಿಸಿದವರಿರಲಿಲ್ಲ. ಆಮೇಲೆ ಸೋಲು ಶುರುವಾಯಿತು. ತಾವೇ ಪಟ್ಟು ಕಲಿಸಿದ ಹುಡುಗನ ಕೈಯಲ್ಲೂ ಚಿತ್ ಆದರು. ನಿದ್ದೆ ಹೋಯಿತು, ಸಿಟ್ಟು ಬಂತು, ಗರಡಿಯೂ ಬೇಡ, ಗೋವಿನಜೋಳದ ಹೊಲವೂ ಬೇಡ. ಧಾರವಾಡಕ್ಕೆ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದವರು ಅವರ ಹೆಂಡತಿ.

ಕುಳಿತವರೇ ಫೋನ್ ತೆಗೆದು ಹಳೆಯ ಕುಸ್ತಿಯೊಂದರ ವಿಡಿಯೋ ತೋರಿಸಿದರು. ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗುವ ಗಳಿಗೆಗೆ ಅವರ ಹೆಬ್ಬೆರಳು ವಿಡಿಯೋ ನಿಲ್ಲಿಸುತ್ತದೆ, ಹಿಂದಕ್ಕೆ ಎಳೆಯುತ್ತದೆ, ಮತ್ತೆ ಬಿಡುತ್ತದೆ. ಮಾತಾಡುವಾಗಲೂ ಬೆರಳು ನಿಲ್ಲಲಿಲ್ಲ.

“ಇದರಾಗ ಇದ್ದದ್ದು ಯಾವುದು ಈಗ ನನ್ನಾಗ ಇಲ್ಲ ಅನ್ನೋದೊಂದು ಹೇಳ್ರಿ ಮೇಡಂ, ಸಾಕು.”

“ರಾತ್ರಿ ಎರಡಾದ್ರೂ ಇದನ್ನ ನೋಡ್ಕೋತ ಕುಂದರ್ತಾರ್ರಿ,” ಎಂದರು ಹೆಂಡತಿ.

ಉತ್ತರಗಳನ್ನು ಅವರೇ ಹುಡುಕಿಟ್ಟುಕೊಂಡಿದ್ದರು: ಜನರ ದೃಷ್ಟಿ, ಗರಡಿಯ ಗುರು ವಸ್ತಾದರ ಮುನಿಸು, ಕೊನೆಗೆ ಮದುವೆ. ಲಗ್ನವಾದ ಪೈಲ್ವಾನನ ಕಸುವು ಸೋರಿಹೋಗುತ್ತದೆ ಎಂದು ಗರಡಿಯಲ್ಲಿ ಯಾರೋ ಹೇಳಿದ್ದನ್ನು ಹೆಂಡತಿಯ ಎದುರಿಗೇ ಹೇಳಿದರು. ಆಕೆ ಸೆರಗಿನ ಅಂಚು ಸುರುಳಿ ಸುತ್ತುತ್ತ ಕೂತಿದ್ದರು. ಈ ಮಾತನ್ನು ಮುಂದಿನ ಭೇಟಿಗೆ ಬಿಡುವಂತಿರಲಿಲ್ಲ. ದಾಂಪತ್ಯದಿಂದ ಮೈಯ ಶಕ್ತಿ ಕುಂದುವುದಿಲ್ಲ, ಮದುವೆಯಾಗಿ ಮಕ್ಕಳಾದ ಮೇಲೂ ಗೆದ್ದ ಕುಸ್ತಿಪಟುಗಳು ಬೇಕಾದಷ್ಟಿದ್ದಾರೆ ಎಂದು ಇಬ್ಬರಿಗೂ ಕೇಳುವಂತೆ ಹೇಳಿದೆ. ಎಷ್ಟೋ ಮನೆಗಳಲ್ಲಿ ಗಂಡನ ಸೋಲಿನ ಹೊರೆ ಹೀಗೆ ಹೆಂಡತಿಯ ತಲೆಗೆ ಬರುತ್ತದೆ. ನನಗೆ ಅದು ಸಹಿಸುವುದಿಲ್ಲ.

ಕುಸ್ತಿಯವರ ಹೆಸರು ತೆಗೆದರೆ ಕೂಡಲೇ ತಮ್ಮನ್ನು ತೂಗಿ ನೋಡಿಕೊಳ್ಳುತ್ತಾರೆಂದು, ಅವರು ನೋಡದ ಆಟದವರೊಬ್ಬರ ಕಥೆ ಹೇಳಿದೆ. ಅಮೆರಿಕದ ಗಾಲ್ಫ್ ಆಟಗಾರ ಡೇವಿಡ್ ಡುವಾಲ್. ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದೆನ್ನುವ ಆ ಆಟದಲ್ಲಿ, ಎಪ್ಪತ್ತು ಹೊಡೆತಗಳ ಆಸುಪಾಸಿನಲ್ಲಿ ಸುತ್ತು ಮುಗಿಸಿದರೂ ಒಳ್ಳೆಯ ಆಟ ಎನ್ನುವ ಕಡೆ, 1999ರ ಜನವರಿಯಲ್ಲಿ ಟೂರ್ನಿಯೊಂದರ ಕೊನೆಯ ಸುತ್ತನ್ನು 59 ಹೊಡೆತಗಳಲ್ಲಿ ಮುಗಿಸಿ ಗೆದ್ದವರು. ಮಾರ್ಚ್‌ನಲ್ಲಿ ಟೈಗರ್ ವುಡ್ಸ್‌ರನ್ನು ಹಿಂದಿಕ್ಕಿ ವಿಶ್ವದ ನಂಬರ್ ಒನ್ ಆದರು. 2001ರಲ್ಲಿ ಇಂಗ್ಲೆಂಡಿನ ರಾಯಲ್ ಲಿಥಮ್‌ನಲ್ಲಿ ಓಪನ್ ಚಾಂಪಿಯನ್‌ಷಿಪ್ ಗೆದ್ದಾಗ ಇನ್ನೂ 29 ವರ್ಷ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್‌ನಲ್ಲಿ ಅದೇ ಅವರ ಕೊನೆಯ ಗೆಲುವಾಯಿತು. ಬೆನ್ನು, ಭುಜ, ಮಣಿಕಟ್ಟು ಒಂದೊಂದಾಗಿ ಕೈಕೊಟ್ಟವು, ತಲೆಸುತ್ತು ಬಂತು, ಹೊಡೆತದ ಲಯ ತಪ್ಪಿತು. ಅಷ್ಟು ದೊಡ್ಡದನ್ನು ಗೆದ್ದ ಮೇಲೂ ಒಳಗೆ ತುಂಬಿಬರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಒಂಬತ್ತನೇ ವಯಸ್ಸಿನಲ್ಲಿ ಅಣ್ಣನಿಗೆ ಅಸ್ಥಿಮಜ್ಜೆ ಕೊಟ್ಟರೂ ಅಣ್ಣ ಉಳಿದಿರಲಿಲ್ಲ. ಇವುಗಳಲ್ಲಿ ಯಾವುದೋ ಒಂದನ್ನೇ ಎತ್ತಿ ಇದರಿಂದಲೇ ಬಿದ್ದರು ಎನ್ನಲಾಗದು.

ಈರಣ್ಣ ಕೇಳಿದ್ದು ಒಂದೇ: “ಭುಜ ಅಂದ್ರಲ್ಲ, ಯಾವ ಕಡೀದ್ರಿ?”

ಹಾಗೆ ಅವರದೇ ಎಡಭುಜದ ಸಂಗತಿ ಹೊರಬಂತು. ಕಣದಲ್ಲಿ ಕೀಲು ಜಾರಿತ್ತು, ನಾಟಿಯವರ ಹತ್ತಿರ ಕಟ್ಟಿಸಿಕೊಂಡು ಪೂರ್ತಿ ಮಾಯುವ ಮೊದಲೇ ಗರಡಿಯ ಮಣ್ಣಿಗೆ ಇಳಿದಿದ್ದರು. ಅದೇ ವರ್ಷ ತಂದೆ ತೀರಿಕೊಂಡಿದ್ದರು. ಕುಸ್ತಿ ಇದ್ದ ದಿನ ಕಣದ ಮಗ್ಗುಲಲ್ಲಿ ನಿಂತು ಅವರ ಅಂಗಿ ಹಿಡಿದುಕೊಳ್ಳುತ್ತಿದ್ದವರು ಆ ತಂದೆ. ಇದನ್ನು ಹೇಳುವಾಗ ಮೊದಲ ಸಲ ಅತ್ತರು. ತಾಲೀಮು ನಿಂತರೂ ಬದಾಮಿ, ತುಪ್ಪ, ಹಾಲಿನ ಖುರಾಕು ನಿಂತಿರಲಿಲ್ಲ, ಮೈ ಭಾರವಾಗಿತ್ತು.

“ಸಾಯಬೇಕು ಅನಸ್ತದೇನು?” ಎಂದು ನೇರವಾಗಿ ಕೇಳಿದೆ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಮನಸ್ಸು ಹಗುರಾಗುವುದೇ ಹೆಚ್ಚು. ಒಮ್ಮೆ ಅನಿಸಿತ್ತು ಎಂದರು. ಅದಕ್ಕೇ ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಮನೋವೈದ್ಯರ ಬಳಿ ಕಳಿಸಿದೆ, ಹೊಲದ ಔಷಧಿ ಡಬ್ಬಿಗಳನ್ನು ಕೀಲಿ ಹಾಕಿಡಲು ಹೆಂಡತಿಗೆ ಹೇಳಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಅದು ಉಚಿತ, ರಾತ್ರಿಯೂ ಎತ್ತುತ್ತಾರೆ.

ಭುಜವನ್ನು ಎಲುಬಿನ ಡಾಕ್ಟರಿಗೆ ತೋರಿಸಿ ಫಿಸಿಯೋಥೆರಪಿ ಶುರು ಮಾಡಲು ಹೇಳಿದೆ, ಮತ್ತೆ ಕಣಕ್ಕೆ ಇಳಿಯಲಿಕ್ಕಲ್ಲ, ಎಡಗೈ ಮೇಲೆತ್ತಿ ಅಂಗಿ ಹಾಕಿಕೊಳ್ಳಲಿಕ್ಕೆ. ವಿಡಿಯೋ ಅಳಿಸಿರಿ ಎಂದು ಹೇಳಲಿಲ್ಲ, ಆ ಗೆಲುವು ಅವರ ಸ್ವಂತದ್ದು. ಹಗಲು ಮಗನ ಜೊತೆ ಕೂತು ನೋಡಿರಿ, ರಾತ್ರಿ ಫೋನು ಅಡುಗೆಮನೆಯಲ್ಲಿರಲಿ ಎಂದೆ. ಊಟ ಈಗಿನ ದುಡಿಮೆಗೆ ತಕ್ಕಷ್ಟು. ಮದುವೆಯ ಮಾತನ್ನು ಹೆಂಡತಿಯ ಮುಂದೆ ತಾವೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದೂ ಹೇಳಿದೆ.

ಡುವಾಲ್ ಮುಂದೇನಾದರು ಎಂದು ಇನ್ನೊಂದು ಭೇಟಿಯಲ್ಲಿ ಕೇಳಿದರು. 2009ರ ಯುಎಸ್ ಓಪನ್‌ಗೆ ಅರ್ಹತಾ ಸುತ್ತು ಆಡಿ ಬಂದರು, ಆಗ ಅವರ ವಿಶ್ವ ಶ್ರೇಯಾಂಕ 882. ಆದರೂ ಜಂಟಿ ಎರಡನೇ ಸ್ಥಾನ. ಮುಂದೆ ಟಿವಿಯಲ್ಲಿ ಆಟದ ವಿಶ್ಲೇಷಣೆಗೆ ಕುಳಿತರು. “ಗೆಲ್ಲಲಿಲ್ಲ, ಹೌದಲ್ರಿ?” ಎಂದರು ಈರಣ್ಣ. ಹೌದು, ಗೆಲ್ಲಲಿಲ್ಲ ಎಂದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

ಈಗ ನಿದ್ದೆ ಸುಧಾರಿಸಿದೆ, ಗುಳಿಗೆ ನಡೆದಿದೆ. ವಾರದಲ್ಲಿ ಕೆಲವು ಸಂಜೆ ಗರಡಿಗೆ ಹೋಗಿ ಹುಡುಗರ ಪಟ್ಟು ತಿದ್ದುತ್ತಾರೆ. ಹೆಂಡತಿಯ ಜೊತೆ ಆಡಬೇಕಾದ ಮಾತು ಅರ್ಧ ಆಗಿದೆ, ಅರ್ಧ ಬಾಕಿ. ಸೋತ ಊರಿನ ಜಾತ್ರೆಗೆ ಹೋಗಲು ಮನಸ್ಸಿಲ್ಲ, ನಾನೂ ಒತ್ತಾಯ ಮಾಡಿಲ್ಲ. ಮುಂದಿನ ಸಲ ಬರುವಾಗ ಹೊಲದ ಸಾಲದ ಕಾಗದಪತ್ರ ತರಲು ಹೇಳಿದ್ದೇನೆ. ಆ ಸಾಲ ಎಷ್ಟೆಂಬುದು ಹೆಂಡತಿಗೂ ಇನ್ನೂ ಗೊತ್ತಿಲ್ಲ.