ಗಂಡನಿಗೆ ಗೊತ್ತಿಲ್ಲದ ಮೂರನೇ ಸಾಲ

ಪ್ರಶ್ನೆ: ನನಗೆ 34 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವಳು. ಸಂಘದ ಮೂಲಕ ಮೈಕ್ರೋ ಫೈನಾನ್ಸ್ ಸಾಲ ತೆಗೆದೆ. ಅದರ ಕಂತು ಕಟ್ಟಲು ಇನ್ನೊಂದು, ಅದಕ್ಕೆ ಮತ್ತೊಂದು. ಮೂರನೆಯದು ಯಜಮಾನರಿಗೆ ಗೊತ್ತಿಲ್ಲ. ಪಾಸ್‌ಬುಕ್ ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ವಸೂಲಿಯವರು ಕತ್ತಲಾದ ಮೇಲೂ ಬಂದು ಕಟ್ಟೆ ಮೇಲೆ ಕೂತು ಬೈಯುತ್ತಾರೆ. ಬದುಕೇ ಬೇಡ ಅನ್ನಿಸಿದೆ. ಯಜಮಾನರಿಗೆ ಹೇಳಲೋ ಬೇಡವೋ?

ಉತ್ತರ: ಹೇಳಿ ತಾಯಿ. ಆದರೆ ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ನೋವಿಗೆ ನೆರವಾಗುವ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನಿಸಿದ ಗಳಿಗೆಯಲ್ಲಿ ಒಬ್ಬರೇ ಇರಬೇಡಿ. ಪಕ್ಕದ ಮನೆಗೆ ಹೋಗಿ ಕೂತುಬಿಡಿ. ತಡೆದುಕೊಳ್ಳಲು ಆಗುವುದಿಲ್ಲ ಅನ್ನಿಸಿದರೆ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

ನಿಮ್ಮನ್ನು ಇಷ್ಟು ಕುಗ್ಗಿಸಿರುವುದು ಸಾಲಕ್ಕಿಂತ ಜಾಸ್ತಿ ಅದನ್ನು ಬಚ್ಚಿಟ್ಟ ಭಯ ಅಂತ ನನಗನ್ನಿಸುತ್ತದೆ. ಮಕ್ಕಳು ಮಲಗಿದ ಮೇಲೆ ಮೂರೂ ಪಾಸ್‌ಬುಕ್ ಯಜಮಾನರ ಮುಂದಿಡಿ. ಎಷ್ಟು ಕಟ್ಟಿದ್ದೀರಿ, ಎಷ್ಟು ಬಾಕಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅವರು ಕೂಗಾಡಬಹುದು, ಎರಡು ದಿನ ಮಾತು ಬಿಡಬಹುದು. ಬಿಡಲಿ. ಕೈ ಮಾಡುವವರಾದರೆ ಮಾತ್ರ ತವರಿನಿಂದ ಅಣ್ಣನನ್ನೋ ಅಮ್ಮನನ್ನೋ ಕರೆಸಿ, ಅವರ ಎದುರಿಗೇ ಹೇಳಿ.

ಇನ್ನು ಆ ಕಟ್ಟೆ ಮೇಲೆ ಕೂರುವವರ ವಿಷಯ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ, ಫೋನ್ ಕೂಡ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ ಕಾಟ ಕೊಡುವಂತಿಲ್ಲ. ರಿಸರ್ವ್ ಬ್ಯಾಂಕಿನ ನೋಂದಣಿಯೇ ಇಲ್ಲದವರು ಹೀಗೆ ಹಿಂಸೆ ಕೊಟ್ಟರೆ, 2025ರಲ್ಲಿ ಬಂದ ನಮ್ಮ ರಾಜ್ಯದ ಕಾನೂನಿನಲ್ಲಿ 10 ವರ್ಷದವರೆಗೂ ಜೈಲಿದೆ. ಬಂದವರ ಹೆಸರು, ಹೊತ್ತು ಬರೆದಿಟ್ಟುಕೊಂಡು ಠಾಣೆಗೆ ದೂರು ಕೊಡಿ. ಹಾಗಂತ ನೋಂದಣಿ ಇರುವ ಕಂಪನಿಯ ಸಾಲ ಮಾಫಿ ಆಗುವುದಿಲ್ಲ. ಸುಮ್ನೆ ಆಸೆ ಹುಟ್ಟಿಸಲು ನನಗಿಷ್ಟವಿಲ್ಲ.

ನೀವು ಕಟ್ಟದಿದ್ದರೆ ಸಂಘದ ಉಳಿದ ಹೆಂಗಸರ ಮೇಲೆ ಒತ್ತಡ ಬೀಳುತ್ತದೆ, ಅಲ್ವಾ? ಅದಕ್ಕೇ ಅವರ ಮುಖ ನೋಡಲು ನಿಮಗೆ ಸಂಕೋಚ ಆಗುತ್ತಿರಬಹುದು. ಆದರೂ ತಪ್ಪಿಸಿಕೊಂಡು ಓಡಾಡಬೇಡಿ. ಅವರಲ್ಲೂ ಒಬ್ಬಿಬ್ಬರು ನಿಮ್ಮ ಹಾಗೇ ಒದ್ದಾಡುತ್ತಿರಬಹುದು. ನಾಲ್ಕನೇ ಸಾಲಕ್ಕೆ ಮಾತ್ರ ಕೈ ಹಾಕಬೇಡಿ, ಯಾರು ಕರೆದು ಕೊಟ್ಟರೂ ಸರಿ. ಸಂಘದ ಮುಂದಿನ ಮೀಟಿಂಗಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ. ಕಂತು ಇಳಿಸಿ ಅವಧಿ ಹೆಚ್ಚಿಸಿ ಅಂತ ಸಾಲ ಕೊಟ್ಟ ಕಂಪನಿಯವರಿಗೆ ಅರ್ಜಿ ಕೊಡಿ. ಬಾಯಿಮಾತಿಗೆ ಒಪ್ಪಬೇಡಿ, ಅರ್ಜಿಯ ಒಂದು ಪ್ರತಿಗೆ ಅವರ ಸಹಿ ಹಾಕಿಸಿಕೊಂಡೇ ಬನ್ನಿ.